ಸದ್ದಿಲ್ಲದ ಸೆಕ್ಟರುಗಳು: ನಡೆಯುವವರ ಲೆಕ್ಕದಲ್ಲಿ ನವನಗರ

ಬಾಗಲಕೋಟೆಯ ನವನಗರಕ್ಕೆ ಹೊಸದಾಗಿ ನೌಕರಿಗೆ ಬಂದವರು ಮೊದಲ ವಾರವೇ ಊರಿಗೆ ಫೋನು ಮಾಡಿ ಹೇಳುವುದು ಬಹುಪಾಲು ಒಂದೇ ಮಾತು: ರಸ್ತೆ ಅಗಲ, ಗದ್ದಲ ಇಲ್ಲ, ಮನೆ ಸಿಗುವುದು ಕಷ್ಟವಲ್ಲ. ತೋಟಗಾರಿಕೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿರಲಿ, ವೈದ್ಯಕೀಯ ಕಾಲೇಜಿನ ಕಿರಿಯ ಡಾಕ್ಟರಿರಲಿ, ಮಗಳನ್ನು ಓದಿಗೆ ಬಿಡಲು ಬಂದ ತಂದೆ ತಾಯಿಯಿರಲಿ, ಎಲ್ಲರೂ ಹುಡುಕುವುದು ಸದ್ದಿಲ್ಲದ ಒಂದು ಬಡಾವಣೆಯನ್ನು. ಅದು ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರವೂ ಇರಬೇಕು. ಇವರ ಮೊದಲ ಬೇಡಿಕೆಯನ್ನು ನವನಗರ ಕೇಳುವ ಮುಂಚೆಯೇ ಪೂರೈಸಿಬಿಡುತ್ತದೆ. ಎರಡನೆಯದಕ್ಕೆ ಬಂದಾಗ ತಡವರಿಸುತ್ತದೆ. ಮನೆ ತೋರಿಸುವವರು ಸಹಜವಾಗಿಯೇ ಹೇಳುತ್ತಾರೆ: 'ಭಾಳ ಶಾಂತ ಐತ್ರಿ ಸರ, ಗಾಡಿ ಒಂದ್ ಇಟ್ಕೋರಿ, ಸಾಕು.' ಈ ಊರಿನ ಯೋಜನೆಯ ಗೆಲುವು ಮತ್ತು ಸೋಲು ಎರಡೂ ಆ ಒಂದು ಮಾತಿನಲ್ಲಿವೆ.

ಹೀಗೆ ಬಂದು ಆರಿಸುವವರು ನವನಗರಕ್ಕೆ ಹೊಸಬರು. ಇಲ್ಲಿಯ ಮೊದಲ ನಿವಾಸಿಗಳು ಯಾರೂ ಇದನ್ನು ಆರಿಸಿಕೊಂಡವರಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದ ಮೇಲೆ ಘಟಪ್ರಭೆಯ ದಂಡೆಯ ಬಾಗಲಕೋಟೆಗೆ ಮುಳುಗಡೆಯ ಸುದ್ದಿ ಹತ್ತಿತು. ಅಣೆಕಟ್ಟಿನ ನೀರು 519.60 ಮೀಟರಿಗೆ ನಿಂತರೆ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಸರಿದು ಹಳೆಯ ಊರಿನ ತಗ್ಗಿನ ಭಾಗಗಳನ್ನು ನುಂಗುತ್ತದೆ ಎಂದು ಲೆಕ್ಕವಾಯಿತು. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿಗಳ ಹೆಸರಿನಲ್ಲಿ ತಮ್ಮನ್ನು ಗುರುತಿಸಿಕೊಳ್ಳುತ್ತಿದ್ದ ಜನರಿಗಾಗಿ ಐದಾರು ಕಿಲೋಮೀಟರು ಆಚೆಯ ಎತ್ತರದ ನೆಲದಲ್ಲಿ ಹೊಸ ಊರನ್ನು ಗುರುತಿಸಲಾಯಿತು. ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದ್ದು ಆ ಕೆಲಸಕ್ಕಾಗಿಯೇ; ಇವತ್ತಿಗೂ ಊರವರ ಬಾಯಲ್ಲಿ ಅದು ಬರೀ 'ಬಿಟಿಡಿಎ'. ನಿವೇಶನಗಳ ಹಂಚಿಕೆಯಾಯಿತು, ಜನ ಸೆಕ್ಟರ್ ನಂಬರು ಹಿಡಿದು ಬಂದರು. ತಲೆಮಾರುಗಳಿಂದ ಗೋಡೆಗೆ ಗೋಡೆ ಹಚ್ಚಿ ಬಾಳಿದ ನೆರೆಹೊರೆ ಬೇರೆ ಬೇರೆ ಅಂಕಿಗಳಲ್ಲಿ ಚದುರಿತು. 1997ರ ಆಗಸ್ಟ್ 15ರಂದು ಬಾಗಲಕೋಟೆ ವಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾದಾಗ ಜಿಲ್ಲಾಡಳಿತ ಕಚೇರಿಗಳೂ ನವನಗರಕ್ಕೇ ಬಂದವು. ಮುಳುಗಡೆಯ ಪುನರ್ವಸತಿ ಕೇಂದ್ರ ಹೀಗೆ ಜಿಲ್ಲಾ ಕೇಂದ್ರವಾಯಿತು. ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು 2002ರಲ್ಲಿ ಬಂತು. 2008ರಲ್ಲಿ ಘೋಷಣೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಊರಿನಂಚಿನ ಉದ್ಯಾನಗಿರಿಯಲ್ಲಿ ನೆಲೆಯೂರಿತು. ನೀರು ತಳ್ಳಿದ್ದರಿಂದ ಬಂದವರ ಊರಿಗೆ ಓದು ಮತ್ತು ನೌಕರಿಗಾಗಿ ತಾವಾಗಿ ಬರುವವರೂ ಸೇರಿಕೊಂಡರು.

(ನಡುವೆ ಒಂದು ಎಚ್ಚರಿಕೆ: 'ಬಾಗಲಕೋಟೆ ವಿಶ್ವವಿದ್ಯಾಲಯ' ಎಂಬ ಹೆಸರು ನಂಬಿ ನವನಗರದಲ್ಲಿ ಮನೆ ಹುಡುಕಬೇಡಿ. ಅದು ಇರುವುದು ಜಮಖಂಡಿಯಲ್ಲಿ.)

ನವನಗರದ ಯೋಜನೆಯೊಂದಿಗೆ ಚಾರ್ಲ್ಸ್ ಕೊರಿಯಾ ಅವರ ಹೆಸರು ಸೇರಿಕೊಂಡಿದೆ ಎನ್ನುವುದು ಇಲ್ಲಿಯ ಎಷ್ಟೋ ಜನರಿಗೆ ಗೊತ್ತಿಲ್ಲ. ನವಿ ಮುಂಬಯಿಯ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು ಅವರು. ನಮ್ಮ ಬಿಸಿಲಿನ ದೇಶದಲ್ಲಿ ಮನೆಯ ಅರ್ಧ ಬದುಕು ಮಾಡಿನ ಕೆಳಗಲ್ಲ, ಅಂಗಳದಲ್ಲಿ, ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ ನಡೆಯುತ್ತದೆ ಎಂದು ಜೀವನಪೂರ್ತಿ ವಾದಿಸಿದವರು. ಎಂಬತ್ತರ ದಶಕದಲ್ಲಿ ನವಿ ಮುಂಬಯಿಯ ಬೇಲಾಪುರದಲ್ಲಿ ಅವರು ಮಾಡಿದ ವಸತಿಯಲ್ಲಿ ಏಳು ಮನೆಗಳು ಎಂಟು ಮೀಟರು ಉದ್ದ, ಎಂಟು ಮೀಟರು ಅಗಲದ ಒಂದು ಪುಟ್ಟ ಅಂಗಳವನ್ನು ಸುತ್ತುವರಿದು ನಿಲ್ಲುತ್ತವೆ. ಅಂಥ ಮೂರು ಗುಂಪು ಸೇರಿ ಇನ್ನೊಂದು ದೊಡ್ಡ ಅಂಗಳ. ಅಲ್ಲಿ ಅಳತೆಗೋಲು ಮನುಷ್ಯನ ಹೆಜ್ಜೆ, ಕೂಗಿ ಕರೆದರೆ ಕೇಳುವ ದೂರ.

ಆ ಅಳತೆಗೋಲನ್ನು ಕೈಯಲ್ಲಿ ಹಿಡಿದು ಇವತ್ತಿನ ನವನಗರದಲ್ಲಿ ಓಡಾಡಿದರೆ ಎರಡು ಊರು ಕಾಣುತ್ತವೆ. ಒಂದು, ಸೆಕ್ಟರಿನ ಒಳಗಿನ ಊರು. ಚಿಕ್ಕ ಅಡ್ಡರಸ್ತೆಗಳು, ಎದುರುಬದುರು ಮನೆಗಳು, ಸಂಜೆ ಗೇಟಿನ ಮುಂದೆ ಕುರ್ಚಿ ಹಾಕಿ ಕೂತ ಹಿರಿಯರು, ರಸ್ತೆಯನ್ನೇ ಕ್ರಿಕೆಟ್ ಮೈದಾನ ಮಾಡಿಕೊಂಡ ಹುಡುಗರು. ಇಲ್ಲಿ ಹಾದುಹೋಗುವ ವಾಹನ ಕಡಿಮೆ, ಏಕೆಂದರೆ ಈ ರಸ್ತೆ ಬೇರೆಲ್ಲಿಗೂ ಹೋಗುವುದಿಲ್ಲ. ಇನ್ನೊಂದು, ಸೆಕ್ಟರುಗಳ ನಡುವಿನ ಊರು. ಅಲ್ಲಿ ರಸ್ತೆ ಅಗಲವಾಗಿದೆ, ನೇರವಾಗಿದೆ, ಬೈಕು ತಾನಾಗಿ ಜೋರು ಹೋಗುತ್ತದೆ. ಕಚೇರಿ, ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣಗಳಿಗೆ ಹೋಗಬೇಕಾದರೆ ಈ ಎರಡನೆಯ ಊರನ್ನು ದಾಟಲೇಬೇಕು. ಮೊದಲನೆಯದರಲ್ಲಿ ನಡೆಯುವುದು ಸುಖ. ಆದರೆ ನಡೆದು ತಲುಪಬೇಕಾದ ಯಾವುದೂ ಅದರೊಳಗೆ ಇಲ್ಲ.

ಸೆಕ್ಟರ್ ಎಂಬ ಕಲ್ಪನೆ ಹುಟ್ಟಿದ್ದು ಹೀಗಿರಲೆಂದಲ್ಲ. 1929ರಲ್ಲಿ ಅಮೆರಿಕದ ಕ್ಲಾರೆನ್ಸ್ ಪೆರಿ ನೆರೆಹೊರೆಯ ಘಟಕವೊಂದನ್ನು ಕಾಗದದ ಮೇಲೆ ಗೆರೆ ಹಾಕಿ ತೋರಿಸಿದಾಗ ನಡುವೆ ಇಟ್ಟದ್ದು ಶಾಲೆಯನ್ನು. ಯಾವ ಮನೆಯಿಂದಲೂ ಮಗು ಸುಮಾರು ನಾನೂರು ಮೀಟರು ನಡೆದು, ದೊಡ್ಡ ರಸ್ತೆ ದಾಟದೆ ಶಾಲೆ ಸೇರಬೇಕು ಎಂಬುದು ಅದರ ಜೀವಾಳ. ಚಂಡೀಗಢದ ಸೆಕ್ಟರು ಉದ್ದ 1,200 ಮೀಟರು, ಅಗಲ 800 ಮೀಟರು. ಅದರ ಹೊಟ್ಟೆಯ ಮೂಲಕ ಒಂದು ಅಂಗಡಿಬೀದಿ ಹಾಯ್ದುಹೋಗುತ್ತದೆ. ವೇಗದ ವಾಹನವನ್ನು ಹೊರಗಿಟ್ಟು ದಿನದ ಅಗತ್ಯಗಳನ್ನು ಒಳಗಿಡುವುದು ಅದರ ಸೂತ್ರ. ಕೊರಿಯಾ ಅವರ ಆಲೋಚನೆ ಏನೇ ಇದ್ದಿರಲಿ, ನೆಲದ ಮೇಲೆ ಇಳಿದಾಗ ನವನಗರದಲ್ಲಿ ಈ ಸೂತ್ರದ ಮೊದಲ ಅರ್ಧ ಉಳಿಯಿತು, ಎರಡನೆಯದು ಸಡಿಲವಾಯಿತು. ಅಂಗಡಿಗಳು ಗಿರಾಕಿ ಎಲ್ಲಿ ಸಿಗುತ್ತಾರೋ ಅಲ್ಲಿಗೆ, ಅಂದರೆ ದೊಡ್ಡ ರಸ್ತೆಯ ಮಗ್ಗುಲಿಗೆ ಸರಿದವು. ಒಳಗಿನ ಸೆಕ್ಟರಿನಲ್ಲಿ ಮನೆಯ ಮುಂಭಾಗದ ಕೋಣೆಯಲ್ಲಿ ಯಾರೋ ಒಬ್ಬರು ಇಟ್ಟ ಕಿರಾಣಿ ಅಂಗಡಿಯೇ ಗತಿ. ನಿಯಮದ ಪ್ರಕಾರ ಅದು ವಾಸದ ನಿವೇಶನ. ನಿಜದಲ್ಲಿ ಆ ಸೆಕ್ಟರಿನ ನಡಿಗೆಯನ್ನು ಉಳಿಸಿರುವುದೇ ಅದು. ಇಂಥ ಅಂಗಡಿಯನ್ನು ನಿಯಮಬಾಹಿರ ಎಂದು ಮುಚ್ಚಿಸುವ ಅಧಿಕಾರಿಗಿಂತ ಅದನ್ನು ನಡೆಸುವ ಬಾಯಿಯೇ ಒಳ್ಳೆಯ ನಗರ ಯೋಜಕಿ ಎಂದು ನನಗನ್ನಿಸುತ್ತದೆ.

ಇನ್ನು ಬಿಸಿಲಿನ ಮಾತು. ಹಳೆಯ ಬಾಗಲಕೋಟೆಯ ಓಣಿ ಇಕ್ಕಟ್ಟು, ಗಟಾರಿನ ವಾಸನೆ, ಎರಡು ಬೈಕು ಎದುರಾದರೆ ಒಂದು ಹಿಂದೆ ಸರಿಯಬೇಕು. ಆದರೆ ಏಪ್ರಿಲಿನ ಹನ್ನೊಂದು ಗಂಟೆಗೂ ಅಲ್ಲಿ ಒಂದು ಮಗ್ಗುಲು ನೆರಳು ಸಿಗುತ್ತದೆ. ಎದುರುಬದುರು ನಿಂತ ಎತ್ತರದ ಗೋಡೆಗಳು ಒಂದರ ನೆರಳನ್ನು ಇನ್ನೊಂದರ ಕಾಲಿಗೆ ಚೆಲ್ಲುತ್ತವೆ. ಅದು ಯಾರೋ ಕುಳಿತು ಮಾಡಿದ ವಿನ್ಯಾಸವಲ್ಲ, ಬಿಸಿಲಿನೊಂದಿಗೆ ಮುನ್ನೂರು ನಾನ್ನೂರು ವರ್ಷ ಜಗಳವಾಡಿ ಕಲಿತದ್ದು. ನವನಗರದ ಅಗಲ ರಸ್ತೆಯಲ್ಲಿ ಗೋಡೆಯ ನೆರಳು ಕಾಲುದಾರಿಗೆ ತಲುಪುವುದೇ ಇಲ್ಲ. ಅಲ್ಲಿ ನೆರಳು ಕೊಡಬೇಕಾದದ್ದು ಮರ ಮಾತ್ರ. ಮರ ಹಿಡಿದ ರಸ್ತೆಯಲ್ಲಿ ಜನ ನಡೆಯುತ್ತಾರೆ, ಮರವಿಲ್ಲದ ರಸ್ತೆಯಲ್ಲಿ ಅದೇ ಜನ ಅದೇ ದೂರಕ್ಕೆ ಆಟೊ ಹಿಡಿಯುತ್ತಾರೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನೆಲದಲ್ಲಿ ದೂರವನ್ನು ಮೀಟರಿನಲ್ಲಿ ಅಳೆಯುವುದಕ್ಕಿಂತ ನೆರಳಿನಲ್ಲಿ ಅಳೆಯುವುದು ಸರಿ. ಬೇವು ಮತ್ತು ಹೊಂಗೆಯ ಸಾಲಿನಡಿ ಒಂದು ಕಿಲೋಮೀಟರು ಹತ್ತಿರ. ಬಯಲಲ್ಲಿ ಮುನ್ನೂರು ಮೀಟರೂ ದೂರ.

ಹಾಗಾದರೆ ವಿಶ್ವವಿದ್ಯಾಲಯಕ್ಕೆ ಹತ್ತಿರವಿರಬೇಕು ಎನ್ನುವವರು ಎಲ್ಲಿ ಮನೆ ಹಿಡಿಯಬೇಕು?

ನಕಾಶೆ ನೋಡಿದರೆ ಉತ್ತರ ಸುಲಭ: ಉದ್ಯಾನಗಿರಿಯ ಆಸುಪಾಸು, ಸೀಮಿಕೇರಿ ಕಡೆಯ ಬೈಪಾಸಿನ ಬದಿಯ ಹೊಸ ಬಡಾವಣೆ. ಹೊಸ ಮನೆ, ಹೊಸ ನಳ, ಬೆಳಿಗ್ಗೆ ಎದ್ದರೆ ಹಕ್ಕಿಯ ದನಿ. ನನ್ನ ತೀರ್ಮಾನ ಇದಕ್ಕೆ ವಿರುದ್ಧ. ನಾಲ್ಕು ಮನೆಗೆ ಆರು ಖಾಲಿ ನಿವೇಶನ ಇರುವ ಬಡಾವಣೆಯಲ್ಲಿ ಸಿಗುವುದು ಶಾಂತಿಯಲ್ಲ, ಜನವಿಲ್ಲದಿರುವಿಕೆ. ಪ್ರಯೋಗಾಲಯದಲ್ಲಿ ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಹೊರಟ ಸಂಶೋಧನಾ ವಿದ್ಯಾರ್ಥಿನಿಗೆ ಜಾಲಿ ಬೆಳೆದ ಖಾಲಿ ನಿವೇಶನಗಳ ನಡುವಿನ ಎಂಟುನೂರು ಮೀಟರು ಯಾವ ಲೆಕ್ಕದಲ್ಲೂ 'ಹತ್ತಿರ' ಅಲ್ಲ. ಜೇನ್ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ ಬೀದಿಯ ಮೇಲಿರುವ ಕಣ್ಣುಗಳೇ ಬೀದಿಯ ಕಾವಲು ಎಂದು ವಾದಿಸಿದ್ದು ನ್ಯೂಯಾರ್ಕಿನ ಅನುಭವದಿಂದ. ನಮ್ಮ ಕಡೆ ಕಟ್ಟೆಯ ಮೇಲೆ ಕೂತ ಅಜ್ಜಂದಿರು ಆ ಕೆಲಸವನ್ನು ಸಂಬಳವಿಲ್ಲದೆ ಮಾಡಿಕೊಂಡೇ ಬಂದಿದ್ದಾರೆ. ಕಟ್ಟೆಯ ಜಾಗದಲ್ಲಿ ಆರಡಿ ಕಂಪೌಂಡು ಗೋಡೆ ಎದ್ದರೆ ಆ ಕಣ್ಣುಗಳು ಟಿವಿಯ ಕಡೆ ತಿರುಗುತ್ತವೆ. ಕುಟುಂಬ, ಕಾರು ಎರಡೂ ಇರುವ ಪ್ರಾಧ್ಯಾಪಕರಿಗೆ ಈ ಬಡಾವಣೆ ಆದೀತು. ಒಂಟಿಯಾಗಿ, ಗಾಡಿಯಿಲ್ಲದೆ ಬರುವವರಿಗೆ ಇನ್ನೂ ಹತ್ತು ವರ್ಷ ಆಗಲಿಕ್ಕಿಲ್ಲ.

ವಿದ್ಯಾಗಿರಿಯ ವಿಷಯ ಬೇರೆ. ಹಳೆಯ ಊರಿಗೂ ನವನಗರಕ್ಕೂ ನಡುವೆ ಇರುವ ಈ ಭಾಗವನ್ನು ಬೆಳೆಸಿದ್ದು ಮುಳುಗಡೆಯಲ್ಲ, ಕಾಲೇಜುಗಳು. 1906ರಲ್ಲಿ ಶುರುವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಸಂಸ್ಥೆಗಳು ಇಲ್ಲಿ ಸಾಲುಗಟ್ಟಿವೆ. ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರದ್ದು. ಅರವತ್ತು ವರ್ಷ ವಿದ್ಯಾರ್ಥಿಗಳು ನಡೆದು ನಡೆದು ಒಂದು ಜಾಗ ಹೇಗೆ ತನ್ನಿಂದ ತಾನೇ ನಡೆಯುವವರ ಜಾಗವಾಗುತ್ತದೆ ಎಂಬುದನ್ನು ಇಲ್ಲಿ ಕಾಣಬಹುದು. ಜೆರಾಕ್ಸ್ ಅಂಗಡಿ, ಚಹಾ, ಗಿರಮಿಟ್ಟು, ಜೋಳದ ರೊಟ್ಟಿಯ ಖಾನಾವಳಿ, ಹೊಲಿಗೆಯವ, ಸೈಕಲ್ ರಿಪೇರಿ, ಎಲ್ಲವೂ ಒಂದರ ಪಕ್ಕ ಒಂದು. ಯಾವ ಪ್ರಾಧಿಕಾರವೂ ಇದನ್ನು ಯೋಜಿಸಲಿಲ್ಲ. ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗೆ ಬೀದಿಯಲ್ಲಿ ಜನ ಇರುತ್ತಾರೆ, ಅದೇ ಕಾರಣಕ್ಕೆ ಹೆಣ್ಣುಮಕ್ಕಳೂ ಇರುತ್ತಾರೆ. ಮುಖ್ಯ ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ ಹೋದರೆ ಸದ್ದು ಅಡಗುತ್ತದೆ. ಪೂರ್ಣ ಮೌನ ಬೇಕೆನ್ನುವವರಿಗೆ ಇದು ಹಿಡಿಸದು. ಓದುವ ಬದುಕಿಗೆ ಬೇಕಾದದ್ದು ಪೂರ್ಣ ಮೌನವೇ ಎಂಬುದೂ ನನಗೆ ಅನುಮಾನ. ಒಂದು ತೊಡಕು ಉಂಟು: ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಇಲ್ಲಿಂದ ನಡೆದು ಹೋಗಲಾಗದು, ಬಸ್ಸು ಇಲ್ಲವೆ ಆಟೊ ಬೇಕು. ದಿನದ ಒಂದು ಪ್ರಯಾಣಕ್ಕೆ ಬಸ್ಸು ಹಿಡಿದು ಉಳಿದ ಹತ್ತು ಕೆಲಸಕ್ಕೆ ನಡೆಯುವುದು, ಕಾಲೇಜಿಗೆ ಮಾತ್ರ ನಡೆದು ಹಾಲು, ಔಷಧಿ, ಊಟ ಎಲ್ಲಕ್ಕೂ ಗಾಡಿ ಹತ್ತುವುದಕ್ಕಿಂತ ಮೇಲು. ಮನೆ ಆರಿಸುವವರು ತಪ್ಪು ಮಾಡುವುದು ಇಲ್ಲಿಯೇ. ಕಾಲೇಜಿನ ಗೇಟಿಗೆ ಎಷ್ಟು ದೂರ ಎಂದು ಕೇಳುತ್ತಾರೆ, ಮಿಕ್ಕ ಬದುಕಿಗೆ ಎಷ್ಟು ದೂರ ಎಂದು ಕೇಳುವುದಿಲ್ಲ.

ಇವೆರಡರ ನಡುವಿನ ಆಯ್ಕೆ ನವನಗರದ ಹಳೆಯ ಸೆಕ್ಟರುಗಳು. ಜನ 'ಯುನಿಟ್ ಒಂದು' ಎನ್ನುವ ಭಾಗ. ಮೊದಲು ಬಂದ ಸಂತ್ರಸ್ತರು ನೆಟ್ಟ ಬೇವು ಈಗ ಮಾಳಿಗೆ ಮೀರಿ ಬೆಳೆದ ಕಡೆಗಳಿವೆ. ಮನೆಗಳ ಮೇಲೆ ಮಹಡಿ ಎದ್ದಿದೆ, ಕೆಳಗೆ ಹಿರಿಯರು, ಮೇಲೆ ಬಾಡಿಗೆಯವರು. ವೈದ್ಯಕೀಯ ಕಾಲೇಜು ಮತ್ತು ಅದರ ಕುಮಾರೇಶ್ವರ ಆಸ್ಪತ್ರೆಯ ಸುತ್ತ ಔಷಧಿ ಅಂಗಡಿ, ಊಟದ ಜಾಗ ರಾತ್ರಿಯೂ ಎಚ್ಚರವಾಗಿರುತ್ತವೆ, ಆಸ್ಪತ್ರೆಯಿದ್ದ ಕಡೆ ಬೀದಿ ಬೇಗ ಮಲಗುವುದಿಲ್ಲ. ಈ ಸೆಕ್ಟರುಗಳಿಗೆ ಮೂವತ್ತು ವರ್ಷದ ಪ್ರಾಯ ಬಂದಿರುವುದೇ ಇವುಗಳ ಗುಣ. ಯೋಜನೆ ಬಿಟ್ಟ ಖಾಲಿಯನ್ನು ಜನ ತಮಗೆ ಬೇಕಾದಂತೆ ತುಂಬಿಕೊಂಡಿದ್ದಾರೆ. ಎಲ್ಲೋ ಒಂದು ಗುಡಿ, ಅದರ ಮುಂದೊಂದು ಕಟ್ಟೆ, ಮೂಲೆಯಲ್ಲಿ ಮಿರ್ಚಿಯ ಗಾಡಿ. ಇವೆಲ್ಲ ಮೂಲ ನಕಾಶೆಯಲ್ಲಿ ಇದ್ದಿರಲಾರವು.

ಇದನ್ನು ಧಾರವಾಡದ ಪಕ್ಕ ಇಟ್ಟು ನೋಡಬೇಕು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾಗಿ ಮರುವರ್ಷ ಮುಂಬಯಿಯಿಂದ ಧಾರವಾಡಕ್ಕೆ ಬಂತು. ಅದಕ್ಕೂ ಮುಂಚಿನಿಂದಲೇ ಕರ್ನಾಟಕ ಕಾಲೇಜಿನ ನೆರಳಿನಲ್ಲಿದ್ದ ಸಪ್ತಾಪುರ, ಆಮೇಲೆ ಬೆಳೆದ ಕಲ್ಯಾಣನಗರ, ನಿವೃತ್ತ ಮೇಷ್ಟ್ರುಗಳು ಕಟ್ಟಿದ ಹಂಚಿನ ಮನೆಗಳು, ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಎಂ.ಎ. ಹುಡುಗರು: ಕನ್ನಡ ಸಾಹಿತ್ಯದ ಎಷ್ಟೋ ಚರ್ಚೆ ನಡೆದದ್ದು ಆ ರಸ್ತೆಗಳ ಮೇಲೆ ನಡೆಯುತ್ತಲೇ. ಮೈಸೂರಿನಲ್ಲಿ ಮಾನಸಗಂಗೋತ್ರಿಗೂ ಸರಸ್ವತಿಪುರಂಗೂ ನಡುವೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ. ಕ್ಯಾಂಪಸ್ಸಿಗೂ ಬಡಾವಣೆಗೂ ಅದು ಸೇತುವೆ. ಎರಡೂ ಕಡೆ ವಿಶ್ವವಿದ್ಯಾಲಯ ಊರಿಗೆ ಬೆನ್ನು ತಿರುಗಿಸಿ ಕೂತಿಲ್ಲ. ನಮ್ಮ ಹೊಸ ವಿಶ್ವವಿದ್ಯಾಲಯಗಳ ಮುಖ್ಯ ದೋಷವೇ ಇದು: ಊರಾಚೆ ಜಮೀನು, ಸುತ್ತ ಬೇಲಿ, ಹೆದ್ದಾರಿಗೆ ಮುಖ ಮಾಡಿದ ದೊಡ್ಡ ಕಮಾನು. ಕಮಾನು ಕಾರಿನಿಂದ ನೋಡಲು ಚೆನ್ನ. ನಡೆದು ಬರುವವನಿಗೆ ಬೇಕಾದದ್ದು ಬಡಾವಣೆಯ ಕಡೆಗೆ ಒಂದು ಚಿಕ್ಕ ಗೇಟು, ಅಲ್ಲಿಂದ ಮನೆಯತನಕ ಕಡಿಯದ ಕಾಲುದಾರಿ. ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಹೊಲ, ತೋಟ, ಸಸಿಮಡಿ ಬೇಕು, ಪೇಟೆಯ ನಡುವೆ ಇರಲಾಗದು ಎಂಬುದು ನಿಜ. ಕಾಲುದಾರಿ ಇರಬಾರದು ಎಂದು ಅದರ ಅರ್ಥವಲ್ಲ.

ಕಾಲುದಾರಿಯ ಬಗ್ಗೆ ದೇಶದಲ್ಲಿ ಅಳತೆಗಳಿಗೇನೂ ಬರವಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ವಸತಿ ಪ್ರದೇಶದಲ್ಲೂ ಅಡೆತಡೆಯಿಲ್ಲದ 1.8 ಮೀಟರು ಅಗಲ ಬೇಕೆನ್ನುತ್ತದೆ, ಗಾಲಿಕುರ್ಚಿಗಳು ಎದುರಾದರೂ ಸಾಗುವಷ್ಟು. ನವನಗರದ ಮಟ್ಟಿಗೆ ಜಾಗದ ಕೊರತೆಯ ನೆಪ ನಡೆಯುವುದಿಲ್ಲ. ಹಳೆಯ ಬಾಗಲಕೋಟೆಯಲ್ಲಿ 1.8 ಮೀಟರು ಕೇಳಿದರೆ ಯಾರದೋ ಪಡಸಾಲೆ ಒಡೆಯಬೇಕಾದೀತು. ಇಲ್ಲಿ ಡಾಂಬರಿನ ಅಂಚಿನಿಂದ ಕಂಪೌಂಡಿನವರೆಗೆ ಮಣ್ಣಿನ ಪಟ್ಟಿ ಬಿದ್ದುಕೊಂಡೇ ಇದೆ. ಅದರ ಮೇಲೆ ಮನೆಯವರ ಕಾರಿನ ಇಳಿಜಾರು, ಜಲ್ಲಿಯ ರಾಶಿ, ಟ್ರಾನ್ಸ್‌ಫಾರ್ಮರಿನ ಬೇಲಿ. ನಡೆಯುವವನು ಡಾಂಬರಿಗೆ ಇಳಿಯುತ್ತಾನೆ. ಇಷ್ಟು ಜಾಗವಿದ್ದೂ ನಡೆಯುವವನಿಗೆ ಜಾಗವಿಲ್ಲ ಎನ್ನುವುದು ಈ ಊರಿನ ಮೇಲಿನ ನನ್ನ ಅತ್ಯಂತ ಕಟುವಾದ ಆಕ್ಷೇಪ.

ಮೌನವನ್ನು ಅತಿಯಾಗಿ ಬಯಸುವವರಿಗೆ ಒಂದು ಮಾತು. ಹೋಳಿಯ ದಿನಗಳಲ್ಲಿ ಹಳೆಯ ಬಾಗಲಕೋಟೆಗೆ ಹೋಗಿ. ಹಲಗೆಯ ಬಡಿತಕ್ಕೆ ಮನೆಯ ಕಿಟಕಿ ಅದುರುತ್ತದೆ, ಬಣ್ಣದ ಬಂಡಿಗಳು ಓಣಿಯಿಂದ ಓಣಿಗೆ ಸಾಗುತ್ತವೆ, ಸರದಿಯ ಪ್ರಕಾರ ಪೇಟೆ ಪೇಟೆಗೆ ದಿನ ಬರುತ್ತದೆ. ಸೆಕ್ಟರಿಗೆ ಹೋಗಿ ನೆಲೆಸಿದವರೂ ಆ ದಿನಗಳಲ್ಲಿ ತಮ್ಮ ತಮ್ಮ ಪೇಟೆಗೆ ಮರಳುತ್ತಾರೆ. ಸದ್ದಿಲ್ಲದ ಬಡಾವಣೆಯಲ್ಲಿ ಎಲ್ಲ ಅನುಕೂಲ ಇಟ್ಟುಕೊಂಡವರು ಸದ್ದಿನ ಓಣಿಗೆ ಯಾಕೆ ಹೋಗುತ್ತಾರೆ ಎಂಬುದನ್ನು ನಗರ ಯೋಜಕರು ಒಮ್ಮೆ ಕೂತು ಯೋಚಿಸಬೇಕು. ನೆರೆಯವರ ಪರಿಚಯವಿಲ್ಲದ ಶಾಂತಿ ಆಸ್ಪತ್ರೆಯ ಶಾಂತಿ.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. 2010ರ ಡಿಸೆಂಬರಿನಲ್ಲಿ ಬಂದ ಕೃಷ್ಣಾ ಎರಡನೆಯ ನ್ಯಾಯಮಂಡಳಿಯ ತೀರ್ಪು ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ನೀರು ಆ ಮಟ್ಟಕ್ಕೆ ಬಂದರೆ ಹಳೆಯ ಊರಿನ ಇನ್ನಷ್ಟು ಮನೆಗಳು ಹೋಗುತ್ತವೆ, ನವನಗರ ಇನ್ನಷ್ಟು ಹರಡುತ್ತದೆ. ಮೂರನೆಯ ಯುನಿಟ್ಟಿನ ಮಾತು ಊರಲ್ಲಿ ಇದ್ದೇ ಇದೆ. ಮೊದಲ ಸಲ ಗೆರೆ ಎಳೆದಾಗ ಅನುಭವ ಇರಲಿಲ್ಲ ಎಂದು ಕ್ಷಮಿಸಬಹುದು. ಈಗ ಕಣ್ಣೆದುರಿಗೆ ಮೂವತ್ತು ವರ್ಷದ ಪಾಠ ಇದೆ. ಹೊಸ ಸೆಕ್ಟರಿನಲ್ಲಿ ನಿವೇಶನ ಹಂಚುವ ಎರಡು ಮಳೆಗಾಲ ಮುಂಚೆ ಸಸಿ ನೆಡಬಹುದು. ಯಾವ ಜಾತಿ, ಎಷ್ಟು ಅಂತರ, ಎಷ್ಟು ನೀರು ಎಂದು ಹೇಳಬಲ್ಲ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ. ಸೆಕ್ಟರಿನ ಹೊಟ್ಟೆಯಲ್ಲಿ ಹತ್ತು ಅಂಗಡಿಗೆ ಜಾಗ ಬಿಡಬಹುದು. ಒಂದೇ ಓಣಿಯವರಿಗೆ ಒಂದೇ ಕಡೆ ನಿವೇಶನ ಕೊಡಬಹುದು. ಇವುಗಳಿಗೆ ತಗಲುವ ಹಣ ಅಗಲ ರಸ್ತೆಗೆ ಸುರಿಯುವ ಡಾಂಬರಿನ ಮುಂದೆ ಏನೂ ಅಲ್ಲ.

ಈ ವರ್ಷ ಮನೆ ಹುಡುಕುತ್ತಿರುವವರಿಗೆ ನನ್ನ ಸಲಹೆ: ಒಂಟಿಯಾಗಿ ಬರುವ ವಿದ್ಯಾರ್ಥಿಗೆ ವಿದ್ಯಾಗಿರಿಯ ಒಳ ಅಡ್ಡರಸ್ತೆ, ಹಿರಿಯರು ಮಕ್ಕಳಿರುವ ಕುಟುಂಬಕ್ಕೆ ಯುನಿಟ್ ಒಂದರ ಮರ ಬೆಳೆದ ಸೆಕ್ಟರು. ಬೈಪಾಸಿನ ಬದಿಯ ಹೊಸ ಮನೆಗೆ ಮುಂಗಡ ಕೊಡುವ ಮುಂಚೆ ಏಪ್ರಿಲಿನ ಮಧ್ಯಾಹ್ನ ಒಮ್ಮೆ, ರಾತ್ರಿ ಎಂಟೂವರೆಗೆ ಒಮ್ಮೆ ಗಾಡಿ ಬಿಟ್ಟು ಅಲ್ಲಿಂದ ಹಾಲಿನ ಅಂಗಡಿಗೆ ನಡೆದು ನೋಡಿ.